ಸಣ್ಣ ರೆನೆಸಾನ್ಸ್ ಲ್ಯೂಟ್: ಪ್ರತಿಕೃತಿಯೆಂದರೆ ಯಾವುದರ ಪ್ರತಿಕೃತಿ?

ಪ್ರಶ್ನೆ: ಹಲವು ವರ್ಷಗಳಿಂದ ಕ್ಲಾಸಿಕಲ್ ಗಿಟಾರ್ ನುಡಿಸುತ್ತಿದ್ದೇನೆ. ಈಚೆಗೆ ಹದಿನಾರನೆಯ ಶತಮಾನದ ಯುರೋಪಿನ ಸಂಗೀತದತ್ತ ಮನಸ್ಸು ಹೊರಳಿದ್ದು, ಸಣ್ಣದೊಂದು ರೆನೆಸಾನ್ಸ್ ಲ್ಯೂಟ್ (ಬಟ್ಟಲಿನಂಥ ಬೆನ್ನಿನ, ಬೆರಳಿನಿಂದ ಮೀಟುವ ಆ ಕಾಲದ ತಂತಿವಾದ್ಯ) ಕೊಳ್ಳಬೇಕೆಂದಿದ್ದೇನೆ. ಕೈಯಿಂದ ಮಾಡಿದ ‘ಮ್ಯೂಸಿಯಂ ಪ್ರತಿಕೃತಿ’ ಎಂಬ ಹೆಸರಿನಲ್ಲಿ ಮಾರಾಟಕ್ಕಿರುವ ವಾದ್ಯಗಳಲ್ಲಿ ತಂತಿಯ ಉದ್ದ 44 ಸೆಂ.ಮೀ.ನಿಂದ 60 ಸೆಂ.ಮೀ.ವರೆಗೂ ಇದೆ, ಬೆಲೆಯಲ್ಲಂತೂ ಅಜಗಜಾಂತರ. ಇವು ನಿಜಕ್ಕೂ ಎಷ್ಟರ ಮಟ್ಟಿಗೆ ಪ್ರತಿಕೃತಿಗಳು? ಯಾವ ಅಳತೆಯದನ್ನು ಆರಿಸಿಕೊಳ್ಳಬೇಕು? ನಮ್ಮ ಹವೆಯಲ್ಲಿ ಇಂಥ ವಾದ್ಯ ಬಾಳಿಕೆ ಬಂದೀತೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅಳತೆಯ ಲೆಕ್ಕ ತಿಳಿಯಾಗದೆ ಪ್ರತಿಕೃತಿಯ ವಿಚಾರ ತಿಳಿಯಾಗುವುದಿಲ್ಲ.

ಲ್ಯೂಟ್ ಒಂದೇ ಅಳತೆಯ ವಾದ್ಯವಾಗಿ ಎಂದೂ ಇರಲಿಲ್ಲ. ಜರ್ಮನಿಯ ಸಂಗೀತಗಾರ ಮಿಖಾಯೆಲ್ ಪ್ರೆಟೋರಿಯಸ್ 1619ರಲ್ಲಿ ವಾದ್ಯಗಳ ವಿವರ ಬರೆಯುವಾಗ ಲ್ಯೂಟಿನ ಏಳು ಅಳತೆಗಳನ್ನು ಹೆಸರಿಸಿ, ಪ್ರತಿಯೊಂದರ ಮೊದಲ ತಂತಿಯ ಶ್ರುತಿಯನ್ನೂ ಕೊಟ್ಟಿದ್ದಾನೆ. ಅವುಗಳ ನಡುವೆ ನಿಲ್ಲುವುದು ಜಿ ಶ್ರುತಿಯ ಆಲ್ಟೊ. ಅದಕ್ಕಿಂತ ಒಂದು ಸ್ವರ ಮೇಲೆ ಎ ಶ್ರುತಿಯ ಡೆಸ್ಕ್ಯಾಂಟ್. ಅದರ ಮೇಲೆ ಬಿ ಶ್ರುತಿಯ ಕಿರು ಡೆಸ್ಕ್ಯಾಂಟ್. ಎಲ್ಲಕ್ಕಿಂತ ಚಿಕ್ಕದು ಸಿ ಅಥವಾ ಡಿ ಶ್ರುತಿಯದು. ಇಂದು ‘ಸಣ್ಣ ಲ್ಯೂಟ್’ ಎಂಬ ಒಂದೇ ಹೆಸರಿನಡಿ ಮಾರಾಟವಾಗುತ್ತಿರುವುದು ಈ ನಾಲ್ಕರಲ್ಲಿ ಯಾವುದಾದರೂ ಆಗಿರಬಹುದು. ಕೆಲವೊಮ್ಮೆ ಅದು ಲ್ಯೂಟೇ ಆಗಿರದೆ, ನಾಲ್ಕೈದು ತಂತಿಗಳ ಮ್ಯಾಂಡೋರ್ ಆಗಿರುವುದೂ ಉಂಟು. ಮ್ಯಾಂಡೋರಿನ ಶ್ರುತಿಯ ಏರ್ಪಾಡೂ ಅದರ ಸಂಗೀತವೂ ಬೇರೆಯಾದ್ದರಿಂದ ಇಲ್ಲಿ ಅದನ್ನು ಬದಿಗಿಡುತ್ತೇನೆ.

ಈ ಅಳತೆಗಳು ತಯಾರಕನ ಇಷ್ಟದಿಂದ ಹುಟ್ಟಿದವಲ್ಲ, ಆ ಕಾಲದಲ್ಲಿ ಬಳಸುತ್ತಿದ್ದ, ಪ್ರಾಣಿಯ ಕರುಳನ್ನು ಹೊಸೆದು ಮಾಡಿದ ತಂತಿಯ ಗುಣದಿಂದ ಹುಟ್ಟಿದವು. ತಂತಿಯ ಉದ್ದವನ್ನು ಮೀಟರಿನಲ್ಲಿಯೂ ಅದರ ಕಂಪನವನ್ನು ಹರ್ಟ್ಸ್‌ನಲ್ಲಿಯೂ ತೆಗೆದುಕೊಂಡು ಗುಣಿಸಿದಾಗ ಬರುವ ಸಂಖ್ಯೆ ಸುಮಾರು 260ನ್ನು ಮುಟ್ಟಿದರೆ ಕರುಳಿನ ತಂತಿ ಹರಿಯುತ್ತದೆ. ದಪ್ಪ ತಂತಿಯಾದರೂ ತೆಳು ತಂತಿಯಾದರೂ ಈ ಮಿತಿ ಬದಲಾಗುವುದಿಲ್ಲ. ಹಾಗೆಂದು ಮಿತಿಯಿಂದ ತೀರ ದೂರ ಉಳಿದರೆ ಮೊದಲ ತಂತಿಯ ಮಿಂಚು ಹೋಗುತ್ತದೆ, ಮಂದ್ರದ ತಂತಿಗಳು ಸಡಿಲಾಗಿ ಮಂಕಾಗುತ್ತವೆ. ಆದ್ದರಿಂದ ಹಳೆಯ ಕಸುಬುದಾರರು ಮಿತಿಯ ಹತ್ತಿರಕ್ಕೆ, ಆದರೆ ಅದಕ್ಕಿಂತ ತುಸು ಈಚೆಗೆ, 235–240ರ ಆಸುಪಾಸಿನಲ್ಲಿ ನಿಲ್ಲುವಂತೆ ವಾದ್ಯವನ್ನು ಕಟ್ಟಿದರು. ಎ ಸ್ವರವನ್ನು 440 ಹರ್ಟ್ಸ್ ಎಂದು ಹಿಡಿಯುವ ಇಂದಿನ ಶ್ರುತಿಯಲ್ಲಿ ಲೆಕ್ಕ ಹಾಕಿ ನೋಡಿ: ಜಿ ಎಂದರೆ 392 ಹರ್ಟ್ಸ್, 60 ಸೆಂ.ಮೀ. ತಂತಿಗೆ ಗುಣಲಬ್ಧ 235. ಎ ಎಂದರೆ 440 ಹರ್ಟ್ಸ್, 54 ಸೆಂ.ಮೀ. ತಂತಿಗೆ 238. ಡಿ ಎಂದರೆ 587 ಹರ್ಟ್ಸ್. ಅಲ್ಲಿ ತಂತಿ 40 ಸೆಂ.ಮೀ.ಗೆ ಇಳಿಯಬೇಕು. ನೀವು ನೋಡಿದ 44 ಸೆಂ.ಮೀ. ವಾದ್ಯವನ್ನು ಇದೇ ಡಿ ಶ್ರುತಿಗೆ ಏರಿಸಿದರೆ ಗುಣಲಬ್ಧ 258ಕ್ಕೆ ಹೋಗುತ್ತದೆ, ಎಂದರೆ ಕರುಳಿನ ತಂತಿ ಒಂದು ಸಂಜೆಯೂ ಬಾಳದಿರಬಹುದು. ಅದೇ ವಾದ್ಯವನ್ನು ಎ ಸ್ವರವನ್ನು 415 ಹರ್ಟ್ಸ್ ಎಂದು ಹಿಡಿದು ಪ್ರಾಚೀನ ಸಂಗೀತದವರು ಬಳಸುವ ಶ್ರುತಿಗೆ ಇಳಿಸಿದರೆ 244, ನೆಮ್ಮದಿಯಾಗಿ ನಿಲ್ಲುತ್ತದೆ. ಹೀಗಾಗಿ ಮಾರುವವರು ತಂತಿಯ ಉದ್ದವನ್ನು ಮಾತ್ರ ಹೇಳಿ, ಅದು ಯಾವ ಶ್ರುತಿಗೆ, ಯಾವ ಬಗೆಯ ತಂತಿಗೆ ಎಂಬುದನ್ನು ಹೇಳದಿದ್ದರೆ ಆ ವಿವರಣೆ ಅಪೂರ್ಣವೆಂದೇ ತಿಳಿಯಿರಿ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಡುತ್ತದೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ಲ್ಯೂಟಿನ ತಿರುಳೇ ಅದು. ಉದ್ದ ಮತ್ತು ಕಂಪನದ ಗುಣಲಬ್ಧ ಒಂದೇ ಆಗಿದ್ದರೆ, ಒಂದೇ ಬಿಗಿತಕ್ಕೆ ಬೇಕಾಗುವ ತಂತಿಯ ದಪ್ಪವೂ ಒಂದೇ ಆಗಿರುತ್ತದೆ. 60 ಸೆಂ.ಮೀ. ಲ್ಯೂಟಿಗೆ ಮೊದಲ ತಂತಿಯಾಗಿ 0.40 ಮಿ.ಮೀ. ಕರುಳು ಸುಮಾರು ಮೂರು ಮುಕ್ಕಾಲು ಕಿಲೋ ಬಿಗಿತದಲ್ಲಿ ನಿಂತರೆ, 40 ಸೆಂ.ಮೀ. ಲ್ಯೂಟಿಗೂ ಅದೇ 0.40 ಮಿ.ಮೀ. ತಂತಿ ಅದೇ ಬಿಗಿತದಲ್ಲಿ ನಿಲ್ಲುತ್ತದೆ. ವಾದ್ಯ ಚಿಕ್ಕದಾಯಿತೆಂದು ತಂತಿ ತೆಳುವಾಗುವುದಿಲ್ಲ, ಹೊರಬೇಕಾದ ಭಾರವೂ ಕಡಿಮೆಯಾಗುವುದಿಲ್ಲ. ಲ್ಯೂಟಿನಲ್ಲಿ ಮೊದಲನೆಯದರ ಹೊರತು ಉಳಿದ ತಂತಿಗಳನ್ನು ಎರಡೆರಡಾಗಿ, ಜೋಡಿಗಳಲ್ಲಿ ಕಟ್ಟುತ್ತಾರೆ. ಆರನೆಯ ಜೋಡಿ ಮೊದಲ ತಂತಿಗಿಂತ ಎರಡು ಸಪ್ತಕ ಕೆಳಗಿದೆ. ಅದೇ ಬಿಗಿತ ಬೇಕೆಂದರೆ ಅದಕ್ಕೆ ನಾಲ್ಕು ಪಟ್ಟು ದಪ್ಪದ, 1.6 ಮಿ.ಮೀ. ಕರುಳು ಬೇಕು. ಅಷ್ಟು ದಪ್ಪದ ಹುರಿ 60 ಸೆಂ.ಮೀ. ಉದ್ದದಲ್ಲಿ ಹೇಗೋ ಕಂಪಿಸುತ್ತದೆ. 40 ಸೆಂ.ಮೀ.ನಲ್ಲಿ ಅದರ ಪೆಡಸುತನ ಮೇಲುಗೈ ಪಡೆದು, ನಾದಕ್ಕೆ ಬದಲು ಬರಿಯ ತಟ್ಟಿದ ಸದ್ದು ಕೇಳುತ್ತದೆ. ಲೋಹದ ಸುತ್ತಿರುವ ಮಂದ್ರ ತಂತಿಗಳು ಬಳಕೆಗೆ ಬಂದದ್ದು ಹದಿನೇಳನೆಯ ಶತಮಾನದ ನಡುಭಾಗದಿಂದ ಈಚೆಗೆ. ಅದಕ್ಕೆ ಮೊದಲಿನವರು ಮಂದ್ರದ ಪ್ರತಿ ದಪ್ಪ ತಂತಿಯ ಪಕ್ಕದಲ್ಲಿ ಒಂದು ಸಪ್ತಕ ಮೇಲಿನ ತೆಳು ತಂತಿಯನ್ನು ಕಟ್ಟಿ ಆ ಮಂಕನ್ನು ನೀಗಿಸಿಕೊಂಡರು. ಸಣ್ಣ ಲ್ಯೂಟಿಗೆ ಎಂಟು, ಹತ್ತು ಜೋಡಿಗಳನ್ನು ತುಂಬಿ ಮಾರುವುದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಆರು ಜೋಡಿಗಳು ಸಾಕು, ಏಳು ಗರಿಷ್ಠ. ಆರು ಜೋಡಿಯ ಲ್ಯೂಟಿನಲ್ಲಿ ಮೊದಲನೆಯದು ಒಂಟಿ ತಂತಿಯಾದ್ದರಿಂದ ಒಟ್ಟು ಹನ್ನೊಂದು ತಂತಿಗಳಿರುತ್ತವೆ.

ಹಾಗಾದರೆ ನೀವು ಯಾವುದನ್ನು ಆರಿಸಬೇಕು? ಒಬ್ಬರೇ ನುಡಿಸುವ ಉದ್ದೇಶವಿದ್ದರೆ ಶ್ರುತಿ ಅಷ್ಟೇನೂ ಮುಖ್ಯವಲ್ಲ. ಲ್ಯೂಟಿನ ಸಂಗೀತ ಬರೆದಿರುವುದು ಟ್ಯಾಬ್ಲೆಚರ್ ಲಿಪಿಯಲ್ಲಿ. ವೆನಿಸ್‌ನಲ್ಲಿ ಮುದ್ರಕ ಪೆಟ್ರುಚಿ 1507ರಲ್ಲಿ ಲ್ಯೂಟಿನ ಮೊದಲ ಮುದ್ರಿತ ಸಂಗ್ರಹವನ್ನು ಹೊರತಂದಾಗಿನಿಂದ ಅದೇ ರೂಢಿ. ಆ ಲಿಪಿ ಯಾವ ತಂತಿಯ ಮೇಲೆ ಯಾವ ಮೆಟ್ಟಿಲಲ್ಲಿ ಬೆರಳಿಡಬೇಕೆಂದು ಹೇಳುತ್ತದೆಯೇ ಹೊರತು ಯಾವ ಶ್ರುತಿಯಲ್ಲೆಂದು ಹೇಳುವುದಿಲ್ಲ. ಹದಿನಾರನೆಯ ಶತಮಾನದ ಇಟಲಿಯ ಲ್ಯೂಟ್ ವಾದಕ ಫ್ರಾಂಚೆಸ್ಕೊ ದ ಮಿಲಾನೊ ರಚನೆಯೊಂದನ್ನು ಎ ಶ್ರುತಿಯ ಡೆಸ್ಕ್ಯಾಂಟಿನಲ್ಲಿ ನುಡಿಸಿದರೆ ಅದು ಒಂದು ಸ್ವರ ಮೇಲೆ ಕೇಳುತ್ತದೆ, ಅಷ್ಟೆ. ಹಾಡುಗಾರರ ಜೊತೆ ಅಥವಾ ಬೇರೆ ವಾದ್ಯಗಳ ಜೊತೆ ನುಡಿಸುವಾಗ ಮಾತ್ರ ಜಿ ಶ್ರುತಿ ಬೇಕೇ ಬೇಕಾಗುತ್ತದೆ. ಡಿ ಶ್ರುತಿಯ ಪುಟ್ಟ ಲ್ಯೂಟ್ ಮೆರೆಯುವುದು ಬೇರೆ ಬೇರೆ ಅಳತೆಯ ಲ್ಯೂಟುಗಳು ಒಟ್ಟಿಗೆ ಸೇರಿದಾಗ. ಆ್ಯಂಟ್‌ವರ್ಪ್‌ನ ಎಮಾನ್ಯುಯೆಲ್ ಆಡ್ರಿಯಾನ್ಸೆನ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ನಿಕೊಲಾ ವಾಲೆ ನಾಲ್ಕು ಲ್ಯೂಟುಗಳಿಗೆಂದು ಬರೆದ ರಚನೆಗಳು ಉಳಿದುಬಂದಿವೆ. ಒಂಟಿಯಾಗಿ ಕಲಿಯುವವರಿಗೆ ಅದು ಮೊದಲ ವಾದ್ಯವಾಗಬಾರದು. ಅದರಲ್ಲಿ ಮೊದಲ ಮೆಟ್ಟಿಲು ಮೇರುವಿನಿಂದ ಎರಡೂವರೆ ಸೆಂ.ಮೀ.ಗಿಂತಲೂ ಕಡಿಮೆ ದೂರದಲ್ಲಿ ಕೂರುತ್ತದೆ. ನಿಮ್ಮ ಗಿಟಾರಿನಲ್ಲಿ ಅದೇ ದೂರ 3.6 ಸೆಂ.ಮೀ.ಗೂ ಹೆಚ್ಚು.

ಕೊಳ್ಳುವ ಮೊದಲು ಹಣ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ ನೋಡಿ. ಗಿಟಾರಿನ ಮೂರನೆಯ ತಂತಿಯನ್ನು ಅರ್ಧ ಸ್ವರ ಇಳಿಸಿ, ಮೂರನೆಯ ಮೆಟ್ಟಿಲಿಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ. ಲ್ಯೂಟಿನ ಸ್ವರಾಂತರಗಳೂ ಜಿ ಶ್ರುತಿಯೂ ಸಿಗುತ್ತವೆ. ಜೊತೆಗೆ 65 ಸೆಂ.ಮೀ. ಇದ್ದ ತಂತಿ 54.7 ಸೆಂ.ಮೀ.ಗೆ ಇಳಿದು, ಡೆಸ್ಕ್ಯಾಂಟ್ ಲ್ಯೂಟಿನ ಮೆಟ್ಟಿಲುಗಳ ಅಂತರ ನಿಮ್ಮ ಬೆರಳಿಗೆ ಒಗ್ಗುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ಒಗ್ಗಿದರೆ 54ರ ಆಸುಪಾಸಿನದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಅನುಮಾನವಿದ್ದರೆ 58ರಿಂದ 60 ಸೆಂ.ಮೀ.ನ, ಆರು ಅಥವಾ ಏಳು ಜೋಡಿಯ ವಾದ್ಯವೇ ನನ್ನ ಸಲಹೆ.

ಇನ್ನು ಪ್ರತಿಕೃತಿಯ ವಿಚಾರ. 58–60 ಸೆಂ.ಮೀ. ವರ್ಗದಲ್ಲಿ ಇಂದಿನ ತಯಾರಕರು ಪದೇಪದೇ ಮೊರೆಹೋಗುವ ಮೂಲವಾದ್ಯಗಳು ಬೆರಳೆಣಿಕೆಯಷ್ಟು. ಇನ್ಸ್‌ಬ್ರುಕ್‌ನ ಗಿಯೋರ್ಗ್ ಗೆರ್ಲೆ 1580ರ ಸುಮಾರಿಗೆ ಆನೆದಂತದಲ್ಲಿ ಕಟ್ಟಿದ, ಈಗ ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿರುವ ಆರು ಜೋಡಿಯ ಲ್ಯೂಟ್ ಮೊದಲನೆಯದು. ಪಡುವಾದ ವೆಂಡೇಲಿಯೊ ವೆನೆರೆ 1592ರಲ್ಲಿ ಮಾಡಿದ, ಬೊಲೋನ್ಯಾದ ಅಕಾಡೆಮಿಯ ಫಿಲಾರ್ಮೋನಿಕಾದಲ್ಲಿರುವ ಏಳು ಜೋಡಿಯದು ಮತ್ತೊಂದು. ವೆನಿಸ್‌ನ ಹೀಬರ್ ಕೈಯಿಂದ ಬಂದ, ಬ್ರಸೆಲ್ಸ್ ಮ್ಯೂಸಿಯಂನಲ್ಲಿರುವುದು ಇನ್ನೊಂದು. ಇವುಗಳಲ್ಲಿ ಗೆರ್ಲೆಯ ವಾದ್ಯಕ್ಕೆ ಇರುವ ಬೆಲೆ ಅದರ ದಂತದಿಂದ ಬಂದದ್ದಲ್ಲ. ಮೂಲ ದಂಡಿ, ಮೂಲ ಬಿರಡೆಪೆಟ್ಟಿಗೆಗಳೊಂದಿಗೆ ಹೆಚ್ಚು ಬದಲಾವಣೆಯಿಲ್ಲದೆ ಉಳಿದ ಅತಿ ವಿರಳ ಆರು ಜೋಡಿಯ ಲ್ಯೂಟುಗಳಲ್ಲಿ ಅದೊಂದು ಎಂಬುದೇ ಕಾರಣ.

ಇದು ಏಕೆ ಇಷ್ಟು ಮುಖ್ಯ ಎಂದರೆ, ಹದಿನಾರನೆಯ ಶತಮಾನದ ಆರಂಭದ ಶ್ರೇಷ್ಠ ಲ್ಯೂಟುಗಳಲ್ಲಿ ಹೆಚ್ಚಿನವು ತಮ್ಮ ಮೂಲರೂಪದಲ್ಲಿ ನಮಗೆ ದಕ್ಕಿಲ್ಲ. ಬೊಲೋನ್ಯಾದ ಲೌಕ್ಸ್ ಮಾಲರ್ ಮತ್ತು ಹಾನ್ಸ್ ಫ್ರೈ ಇವರ ವಾದ್ಯಗಳು ಎಷ್ಟು ಮೆಚ್ಚುಗೆ ಪಡೆದಿದ್ದವೆಂದರೆ, ಮುಂದಿನ ತಲೆಮಾರಿನವರು ಅವುಗಳ ದಂಡಿಯನ್ನು ಕಿತ್ತು ಅಗಲದ ದಂಡಿ ಜೋಡಿಸಿ, ಹತ್ತು, ಹನ್ನೊಂದು, ಹದಿಮೂರು ಜೋಡಿಗಳ ಬರೋಕ್ ಲ್ಯೂಟುಗಳಾಗಿ ಮಾರ್ಪಡಿಸಿಕೊಂಡರು. ಉಳಿದದ್ದು ಬೆನ್ನಿನ ಬಟ್ಟಲು, ಕೆಲವೊಮ್ಮೆ ಮುಂಭಾಗದ ಹಲಗೆ. ಆದ್ದರಿಂದ ಇಂದು ಯಾರಾದರೂ ‘ಮಾಲರ್ ಮಾದರಿಯ ಆರು ಜೋಡಿಯ ಲ್ಯೂಟ್’ ಎಂದರೆ ಅದರ ಬಟ್ಟಲು ಮ್ಯೂಸಿಯಂನಿಂದ ಬಂದದ್ದು, ದಂಡಿ ಮತ್ತು ಕುದುರೆ ಊಹೆಯಿಂದ ಬಂದವು. ಆ ಊಹೆಗೆ ಆಧಾರ ಚಿತ್ರಗಳು. ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಇಬ್ಬರು ರಾಯಭಾರಿಗಳ ಚಿತ್ರದಲ್ಲಿ ಒಂದು ತಂತಿ ಹರಿದ ಲ್ಯೂಟನ್ನು ಬಿರಡೆಗಳು ಕಾಣುವಷ್ಟು ನಿಖರವಾಗಿ ಚಿತ್ರಿಸಲಾಗಿದೆ. ಇಂಥ ಊಹೆ ತಪ್ಪೇನಲ್ಲ, ಅದಿಲ್ಲದೆ ಕೆಲಸವೇ ಸಾಗದು. ಆದರೆ ಯಾವ ಭಾಗ ಅಳತೆಯಿಂದ ಬಂತು, ಯಾವ ಭಾಗ ಊಹೆಯಿಂದ ಬಂತು ಎಂಬುದನ್ನು ಬಿಡಿಸಿ ಹೇಳುವ ತಯಾರಕನನ್ನೇ ನಾನು ನಂಬುತ್ತೇನೆ.

ಅಳತೆ ತೆಗೆಯುವ ಈ ಶಿಸ್ತು ಬಂದದ್ದೂ ತಡವಾಗಿಯೇ. ಹಳೆಯ ವಾದ್ಯಗಳನ್ನು ಮತ್ತೆ ಬಳಕೆಗೆ ತಂದವರಲ್ಲಿ ಮೊದಲಿಗರಾದ ಆರ್ನಲ್ಡ್ ಡಾಲ್ಮೆಚ್ ತಮ್ಮ ಮೊದಲ ಲ್ಯೂಟನ್ನು ಕಟ್ಟಿದ್ದು 1893ರಲ್ಲಿ. ಆದರೂ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ತಯಾರಾದ ಬಹುಪಾಲು ಲ್ಯೂಟುಗಳು ಹೊರನೋಟಕ್ಕೆ ಲ್ಯೂಟ್, ಒಳಗೆ ಗಿಟಾರ್: ದಪ್ಪ ಹಲಗೆ, ಭಾರದ ದಂಡಿ, ಲೋಹದ ಮೆಟ್ಟಿಲು. 1960, 70ರ ದಶಕಗಳಲ್ಲಿ ನ್ಯೂರೆಂಬರ್ಗ್ ಮ್ಯೂಸಿಯಂನ ಸಂರಕ್ಷಕ ಫ್ರೀಡೆಮಾನ್ ಹೆಲ್ವಿಗ್, ಅಮೆರಿಕದ ರಾಬರ್ಟ್ ಲುಂಡ್‌ಬರ್ಗ್ ಮೊದಲಾದವರು ಮ್ಯೂಸಿಯಂಗಳಲ್ಲಿದ್ದ ವಾದ್ಯಗಳ ಒಳಗಿನ ಆಸರೆಪಟ್ಟಿಗಳನ್ನೂ ಹಲಗೆಯ ದಪ್ಪವನ್ನೂ ಅಳೆದು ತಿಳಿಸಿದ ಮೇಲೆ ಈ ಕಸುಬಿನ ದಾರಿಯೇ ಬದಲಾಯಿತು. ಅವರು ಕಂಡದ್ದು ನಂಬಲಾಗದಷ್ಟು ಹಗುರವಾದ ಕಟ್ಟಡ. ಸ್ಪ್ರೂಸ್ ಮರದ ಹಲಗೆಯ ದಪ್ಪ ಸುಮಾರು ಒಂದೂವರೆ ಮಿ.ಮೀ.; ಬೆನ್ನಿನ ಪಟ್ಟಿಗಳೂ ಹೆಚ್ಚುಕಡಿಮೆ ಅಷ್ಟೇ ತೆಳು, ಕೆಲವೊಮ್ಮೆ ಇನ್ನೂ ತೆಳು. ಅವನ್ನು ಬಿಸಿ ಕಬ್ಬಿಣದ ಮೇಲೆ ಬಾಗಿಸಿ, ಅಚ್ಚಿನ ಮೇಲೆ ಅಂಚಿಗೆ ಅಂಚು ತಾಗಿಸಿ, ಚರ್ಮ ಕುದಿಸಿ ತೆಗೆದ ಅಂಟಿನಿಂದ ಕೂಡಿಸಿ, ಒಳಗಿನಿಂದ ಕಾಗದ ಅಥವಾ ಚರ್ಮಕಾಗದದ ಪಟ್ಟಿ ಹಚ್ಚುತ್ತಾರೆ. ನಡುವಿನ ರೋಸ್ ಎಂಬ ಜಾಲರಿಯನ್ನು ಬೇರೆ ಮಾಡಿ ಅಂಟಿಸುವುದಿಲ್ಲ, ಆ ಹಲಗೆಯಲ್ಲೇ ಚೂಪಾದ ಚಾಕುವಿನಿಂದ ಕೆತ್ತುತ್ತಾರೆ. ಹೀಗೆ ಕಟ್ಟಿದ ಆರು ಜೋಡಿಯ ಲ್ಯೂಟ್ ಮುಕ್ಕಾಲು ಕಿಲೋ ಆಸುಪಾಸಿನಲ್ಲಿ, ಅನೇಕ ವೇಳೆ ಅದಕ್ಕಿಂತ ಕಡಿಮೆಯೇ ತೂಗುತ್ತದೆ. ನಿಮ್ಮ ಗಿಟಾರಿನ ಅರ್ಧ ತೂಕವೆನ್ನಿ.

ಸಣ್ಣ ಲ್ಯೂಟಿನಲ್ಲಿ ಈ ಹಗುರತನವನ್ನು ಸಾಧಿಸುವುದು ಇನ್ನೂ ಕಷ್ಟ. ದೊಡ್ಡ ಲ್ಯೂಟಿನ ನಕ್ಷೆಯನ್ನು ಯಂತ್ರದಲ್ಲಿ ಕುಗ್ಗಿಸಿ 44 ಸೆಂ.ಮೀ.ಗೆ ಇಳಿಸಿದರೆ ಸಣ್ಣ ಲ್ಯೂಟ್ ಆಗುವುದಿಲ್ಲ. ತಂತಿಗಳ ಬಿಗಿತ ಕುಗ್ಗದ ಕಾರಣ ಹಲಗೆಯನ್ನು ಅದೇ ಪ್ರಮಾಣದಲ್ಲಿ ತೆಳುಗೊಳಿಸಲು ಬಾರದು. ತೆಳುಗೊಳಿಸದೆ ಬಿಟ್ಟರೆ ಚಿಕ್ಕ ಹಲಗೆ ಪೆಡಸಾಗಿ ಸ್ವರ ಕಿರುಚುತ್ತದೆ. ನುಡಿಸುವವರ ಬೆರಳು ಕುಗ್ಗುವುದಿಲ್ಲವಾದ್ದರಿಂದ ಜೋಡಿಗಳ ನಡುವಿನ ಅಂತರವನ್ನೂ ಕುಗ್ಗಿಸುವಂತಿಲ್ಲ. ಹಾಗಾಗಿ ಪುಟ್ಟ ಬಟ್ಟಲಿಗೆ ಹೋಲಿಸಿದರೆ ದಂಡಿ ಅಗಲವಾಗಿಯೇ ಕಾಣಬೇಕು. ಚಿತ್ರದಲ್ಲಿ ಸಣ್ಣ ಲ್ಯೂಟಿನ ದಂಡಿ ತೀರ ನಾಜೂಕಾಗಿ, ಒಟ್ಟು ಆಕಾರ ದೊಡ್ಡದರ ತದ್ರೂಪವಾಗಿ ಕಂಡರೆ ಅನುಮಾನಪಡಿ.

ಮೂಲದಿಂದ ದೂರ ಸರಿಯುವುದು ಕೆಲವೆಡೆ ಅನಿವಾರ್ಯ, ಕೆಲವೆಡೆ ಕರ್ತವ್ಯ. ದಂತದ ವ್ಯಾಪಾರ ಭಾರತದಲ್ಲಿ ನಿಷಿದ್ಧ, ಜಗತ್ತಿನ ಹೆಚ್ಚಿನ ಕಡೆಯೂ ಅದಕ್ಕೆ ಕಟ್ಟುನಿಟ್ಟಿನ ತಡೆಯಿದೆ. ಅದು ಹಾಗೆಯೇ ಇರಬೇಕು. ಗೆರ್ಲೆಯ ಪ್ರತಿಕೃತಿಗಳನ್ನು ಇಂದು ಸಾಮಾನ್ಯವಾಗಿ ಮೇಪಲ್‌ನಂಥ ಮರಗಳಲ್ಲಿ ಕಟ್ಟುತ್ತಾರೆ. ದಂತದ ಸಾಂದ್ರತೆ ಮೇಪಲ್‌ಗಿಂತ ಎರಡೂವರೆ ಪಟ್ಟಿನಷ್ಟಿರುವುದರಿಂದ ಅಂಥ ವಾದ್ಯ ಆಕಾರದಲ್ಲಿ ಗೆರ್ಲೆ, ಧ್ವನಿಯಲ್ಲಿ ಅದರ ಹತ್ತಿರದ ಸಂಬಂಧಿ. ಪಡುವಾ ಮಾದರಿಗಳಿಗೆ ಯೂ ಮರ ಇನ್ನೂ ಸಿಗುತ್ತದೆ. ಒಂದೇ ಪಟ್ಟಿಯಲ್ಲಿ ಕಂದು ತಿರುಳೂ ಬಿಳಿ ಹೊರಮರವೂ ಅರ್ಧರ್ಧ ಬರುವಂತೆ ಸೀಳಿ ಜೋಡಿಸಿದ ಆ ಪಟ್ಟೆಪಟ್ಟೆಯ ಬೆನ್ನು ನೋಡಲು ಬಹಳ ಸುಂದರ. ತಂತಿಗಳಲ್ಲಿ ಕರುಳಿಗೆ ಬದಲಾಗಿ ಇಟಲಿಯ ಅಕ್ವಿಲಾ ಸಂಸ್ಥೆಯ ನೈಲ್ಗಟ್ ಬಳಸುವುದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಅದರ ಸಾಂದ್ರತೆ ಕರುಳಿನದಕ್ಕೆ ಹತ್ತಿರವಿದ್ದು, ತೇವಕ್ಕೆ ಅಷ್ಟಾಗಿ ಜಗ್ಗದು. ಮಂದ್ರಕ್ಕೆ ಲೋಹದ ಪುಡಿ ಬೆರೆಸಿ ಭಾರ ಹೆಚ್ಚಿಸಿದ ಸಿಂಥೆಟಿಕ್ ತಂತಿಗಳು ಸಣ್ಣ ಲ್ಯೂಟಿನ ಹಳೆಯ ಕೊರತೆಯನ್ನು ಬಹಳಮಟ್ಟಿಗೆ ತುಂಬುತ್ತವೆ. ಆದರೆ ಮೆಟ್ಟಿಲುಗಳು ಮಾತ್ರ ದಂಡಿಗೆ ಸುತ್ತಿ ಗಂಟು ಹಾಕಿದ ಕರುಳು ಅಥವಾ ನೈಲಾನ್ ಆಗಿಯೇ ಇರಬೇಕು. ಸಿತಾರಿನ ಮೆಟ್ಟಿಲುಗಳಂತೆ ಅವನ್ನು ಸರಿಸಲು ಬರುತ್ತದೆ, ಆ ಕಾಲದ ಸ್ವರಾಂತರಗಳನ್ನು ಕೂಡಿಸಿಕೊಳ್ಳುವುದು ಅದರಿಂದಲೇ ಸಾಧ್ಯ. ಲೋಹದ ಮೆಟ್ಟಿಲು ಹೊಡೆದ ವಾದ್ಯವನ್ನು ಯಾವ ಮ್ಯೂಸಿಯಂನ ಹೆಸರು ಹೇಳಿ ಮಾರಿದರೂ ತೆಗೆದುಕೊಳ್ಳಬೇಡಿ.

‘ಕೈಯಿಂದ ಮಾಡಿದ್ದು’ ಎಂಬ ಮಾತಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಮಾಲರ್ 1552ರಲ್ಲಿ ತೀರಿಕೊಂಡಾಗ ಅವನ ಕಾರ್ಯಾಗಾರದಲ್ಲಿ ಸುಮಾರು 1,100 ಲ್ಯೂಟುಗಳಿದ್ದವೆಂದು ಆಸ್ತಿಪಟ್ಟಿ ಹೇಳುತ್ತದೆ. ಅವೂ ಕೈಕೆಲಸವೇ, ಆದರೆ ಹಲವು ಕೈಗಳು ಹಂಚಿಕೊಂಡು ಮಾಡಿದ ಕೆಲಸ. ಇಂದು ಉಪಖಂಡದ ಕಾರ್ಖಾನೆಗಳಲ್ಲಿ ಶೀಶಂ ಮರದಿಂದ ತಯಾರಾಗಿ ಕಡಿಮೆ ಬೆಲೆಗೆ ಸಿಗುವ ಲ್ಯೂಟುಗಳನ್ನೂ ಕೈಯಿಂದಲೇ ಮಾಡುತ್ತಾರೆ, ಆ ಕೆಲಸಗಾರರ ಕೈಚಳಕದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಅವರ ಕೈಗೆ ಕೊಟ್ಟ ನಕ್ಷೆಯಲ್ಲಿ. ಬಟ್ಟಲು ದಪ್ಪ, ಹಲಗೆ ದಪ್ಪ, ತಂತಿಗಳು ದಂಡಿಯಿಂದ ಎತ್ತರ, ಬಿರಡೆಗಳು ತೂತಿಗೆ ಸರಿಯಾಗಿ ಕೂರುವುದಿಲ್ಲ. ಗಿಟಾರಿನಲ್ಲಾದರೆ ಕುದುರೆಯ ಮೇಲಿನ ಎಲುಬಿನ ತುಂಡನ್ನು ಉಜ್ಜಿ ತಂತಿಯನ್ನು ತಗ್ಗಿಸಬಹುದು. ಲ್ಯೂಟಿನ ಕುದುರೆಗೆ ಅಂಥ ತುಂಡೇ ಇಲ್ಲ, ತಂತಿಯನ್ನು ನೇರವಾಗಿ ಅದರ ತೂತುಗಳಿಗೆ ಕಟ್ಟಲಾಗುತ್ತದೆ. ಆದ್ದರಿಂದ ದಂಡಿಯ ಕೋನದಲ್ಲಿ ಆದ ತಪ್ಪನ್ನು ಸರಿಪಡಿಸಬೇಕಾದರೆ ದಂಡಿಯನ್ನೇ ಬಿಚ್ಚಬೇಕಾಗುತ್ತದೆ, ಅದಕ್ಕೆ ತಗಲುವ ಖರ್ಚು ಆ ವಾದ್ಯದ ಬೆಲೆಯನ್ನೂ ಮೀರಬಹುದು.

ತಯಾರಕರಿಗೆ ಬರೆಯುವಾಗ ಮೂಲವಾದ್ಯ ಯಾವುದು, ಅದು ಎಲ್ಲಿದೆ, ನಿಮ್ಮ ವಾದ್ಯ ಎಲ್ಲೆಲ್ಲಿ ಅದರಿಂದ ಭಿನ್ನ ಎಂದು ಕೇಳಿ. ಹಲಗೆಯ ದಪ್ಪ, ಒಟ್ಟು ತೂಕ, ಎಂಟನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ಕೇಳಿ. ಕೊನೆಯದು ಮೂರರಿಂದ ಮೂರೂವರೆ ಮಿ.ಮೀ. ಒಳಗಿರಬೇಕು. ತಂತಿಗಳ ದಪ್ಪದ ಪಟ್ಟಿಯನ್ನೂ ಶ್ರುತಿಯನ್ನೂ ಬರವಣಿಗೆಯಲ್ಲಿ ಪಡೆಯಿರಿ. ಒಳ್ಳೆಯ ತಯಾರಕರು ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ, ಕೇಳಿದ್ದಕ್ಕಿಂತ ಹೆಚ್ಚೇ ಬರೆಯುತ್ತಾರೆ. ಅವರಲ್ಲಿ ಹಲವು ತಿಂಗಳು, ಕೆಲವೊಮ್ಮೆ ವರ್ಷವೂ ಕಾಯಬೇಕಾದೀತು. ಬಳಸಿದ ವಾದ್ಯವನ್ನು ಕೊಳ್ಳುವುದೂ ಒಳ್ಳೆಯ ದಾರಿ. ಬ್ರಿಟನ್ ಅಥವಾ ಅಮೆರಿಕದಲ್ಲಿ ನಿಮ್ಮ ಬಂಧುಗಳೋ ಸ್ನೇಹಿತರೋ ಇದ್ದರೆ, 1956ರಿಂದ ನಡೆಯುತ್ತಿರುವ ಬ್ರಿಟನ್ನಿನ ಲ್ಯೂಟ್ ಸೊಸೈಟಿ ಮತ್ತು 1966ರಲ್ಲಿ ಸ್ಥಾಪನೆಯಾದ ಲ್ಯೂಟ್ ಸೊಸೈಟಿ ಆಫ್ ಅಮೆರಿಕಾ ಎರಡೂ ಸದಸ್ಯರಿಗೆ ಲ್ಯೂಟುಗಳನ್ನು ಬಾಡಿಗೆಗೆ ಕೊಡುತ್ತವೆ ಎಂಬುದನ್ನು ತಿಳಿಸಿ. ಅಲ್ಲಿಗೆ ಹೋದಾಗ ಕೈಯಲ್ಲಿ ಹಿಡಿದು ನೋಡುವ ಅವಕಾಶವನ್ನು ಬಿಡಬೇಡಿ.

ಹವೆಯ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ, ಆದರೆ ಅದು ಕೊಳ್ಳದಿರಲು ಕಾರಣವಲ್ಲ. ಈ ವಾದ್ಯಗಳನ್ನು ಸಾಮಾನ್ಯವಾಗಿ ಶೇ. 45–50ರ ತೇವಾಂಶದಲ್ಲಿ ಕಟ್ಟಿರುತ್ತಾರೆ. ಧಾರವಾಡದ ಮಳೆಗಾಲದಲ್ಲಿ ಹಲಗೆ ಉಬ್ಬಿ ತಂತಿಗಳು ಎತ್ತರವಾಗುತ್ತವೆ, ಬಿರಡೆಗಳು ಕಚ್ಚಿಕೊಳ್ಳುತ್ತವೆ. ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಬಿರಡೆಗಳು ಜಾರುತ್ತವೆ, ಹಲಗೆ ಸೀಳುವ ಅಪಾಯವೂ ಆಗಲೇ ಹೆಚ್ಚು. ತೇವದಿಂದಾಗುವ ಬದಲಾವಣೆ ಬಹುತೇಕ ಮರಳಿ ಸರಿಹೋಗುತ್ತದೆ, ಒಣಗಿ ಬಿಟ್ಟ ಬಿರುಕು ತಾನಾಗಿ ಕೂಡುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೇ ಹೆಚ್ಚು ಎಚ್ಚರ ಬೇಕು. ಗಟ್ಟಿ ಪೆಟ್ಟಿಗೆ, ಅದರೊಳಗೆ ತೇವ ಅಳೆಯುವ ಸಣ್ಣ ಮಾಪಕ, ತೇವವನ್ನು ಎರಡೂ ದಿಕ್ಕಿಗೆ ಸಮತೂಗಿಸುವ ಪೊಟ್ಟಣಗಳು, ಇಷ್ಟನ್ನು ವಾದ್ಯದ ಜೊತೆಗೇ ತರಿಸಿಕೊಳ್ಳಿ. ಚರ್ಮದ ಅಂಟು ಬಿಸಿಗೆ ಮೆತ್ತಗಾಗುವುದರಿಂದ ಬಿಸಿಲಲ್ಲಿ ನಿಂತ ಕಾರಿನೊಳಗೆ ಲ್ಯೂಟನ್ನು ಅರ್ಧ ಗಂಟೆಯೂ ಬಿಡಬಾರದು. ಅದೇ ಅಂಟಿನ ದೊಡ್ಡ ಉಪಕಾರವೆಂದರೆ, ಸ್ವಲ್ಪ ಬಿಸಿ ಮತ್ತು ತೇವ ಕೊಟ್ಟು ಜೋಡಣೆಯನ್ನು ಹಾನಿಯಿಲ್ಲದೆ ಬಿಚ್ಚಿ ಮತ್ತೆ ಕೂಡಿಸಬಹುದು. ಸಿಂಥೆಟಿಕ್ ಅಂಟಿನಲ್ಲಿ ಕಟ್ಟಿದ ವಾದ್ಯಕ್ಕೆ ಆ ಅನುಕೂಲವಿಲ್ಲ. ತಯಾರಕರಿಗೆ ಕೇಳುವ ಪ್ರಶ್ನೆಗಳಲ್ಲಿ ಅಂಟಿನದನ್ನೂ ಸೇರಿಸಿಕೊಳ್ಳಿ.